ಶಾಸನ ಹೇಳದೆ ಬಿಟ್ಟದ್ದು

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ 5ನೇ ಶತಮಾನದ ಕವಿ ಕುಬ್ಜ ಕದಂಬ ರಾಜವಂಶದ ಕಥೆ ಬರೆದಿದ್ದಾನೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ, ಆ ವಂಶದ ಮೂಲಪುರುಷ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಡಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಜಗಳ ಏತಕ್ಕೆ ಎದ್ದಿತೆಂಬುದು ಮಾತ್ರ ಅಲ್ಲಿಲ್ಲ. ಅದನ್ನು ತುಂಬಿಕೊಡುವ ಕೆಲಸ ಕಾದಂಬರಿಕಾರರ ಪಾಲಿಗೆ ಬಂತು.

ಶಾಸನತಜ್ಞ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದರು. ದತ್ತಿ, ತುರುಗಾಳಗ, ವೀರಗಲ್ಲುಗಳ ವಿವರ ಬರಹಗಾರರ ಕೈಗೆ ಸಿಕ್ಕಿತು. ಮಯೂರನ ಕಥೆಯನ್ನು ದೇವುಡು ನರಸಿಂಹಶಾಸ್ತ್ರಿ ಕಾದಂಬರಿಯಾಗಿಸಿದರು. 'ಮಯೂರ' ಚಿತ್ರ (1975) ಅದನ್ನು ಮನೆಮನೆಗೆ ಮುಟ್ಟಿಸಿತು.

ಆದರೆ ನಿಜವಾದ ಒಗಟು ಹೊಯ್ಸಳ ರಾಣಿ ಶಾಂತಲೆಯದು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು, ಆ ದುಃಖ ತಾಳದೆ ತಾಯಿ ಮಾಚಿಕಬ್ಬೆ ತಿಂಗಳ ಕಾಲ ಉಪವಾಸವಿದ್ದು ಪ್ರಾಣ ಬಿಟ್ಟಳು ಎನ್ನುತ್ತದೆ ಶ್ರವಣಬೆಳಗೊಳದ ಶಾಸನ. ಮಗಳು ಸತ್ತದ್ದು ಹೇಗೆ? ಉತ್ತರವಿಲ್ಲ. ಮಕ್ಕಳಿಲ್ಲದ ರಾಣಿ ಬೆಟ್ಟದಿಂದ ಹಾರಿದಳೆಂಬುದು ಜನರ ಮಾತು. ಬೆಂಗಳೂರಿನ ವ್ಯಾಯಾಮಶಾಲೆಯಲ್ಲಿ ಹುಡುಗರನ್ನು ತಯಾರು ಮಾಡುತ್ತಿದ್ದ ಕೆ.ವಿ. ಅಯ್ಯರ್ 'ಶಾಂತಲಾ'ದಲ್ಲಿ ಆ ಮಾತನ್ನೇ ಹಿಡಿದು, ಸಾವನ್ನು ತ್ಯಾಗವಾಗಿಸಿದರು. ಸಿ.ಕೆ. ನಾಗರಾಜರಾಯರು ಅದನ್ನು ಒಪ್ಪಲಿಲ್ಲ. ನಾಲ್ಕು ಭಾಗಗಳ 'ಪಟ್ಟಮಹಾದೇವಿ ಶಾಂತಲದೇವಿ'ಯಲ್ಲಿ ಅವರ ನಾಯಕಿ ಬಳಿಪುರದ, ಅಂದರೆ ಶಿಕಾರಿಪುರದ ಬಳ್ಳಿಗಾವಿಯ, ಹೆಗ್ಗಡೆ ಮಾರಸಿಂಗಮಯ್ಯನ ಮಗಳು, ಮಕ್ಕಳ ತಾಯಿ. ಆತ್ಮಹತ್ಯೆಯ ಕಥೆಗೆ ಅಲ್ಲಿ ಜಾಗವಿಲ್ಲ. 1983ರ ಮೂರ್ತಿದೇವಿ ಪ್ರಶಸ್ತಿ ಈ ಕೃತಿಗೆ ಸಂದಿತು. ಮನಸ್ಸು ಕಲಕುವುದರಲ್ಲಿ ಅಯ್ಯರ್ ಮುಂದು. ಜನಜನಿತ ಕಥೆಯನ್ನು ಎದುರು ಹಾಕಿಕೊಂಡ ನಾಗರಾಜರಾಯರ ಧೈರ್ಯ ದೊಡ್ಡದು.

ಇತಿಹಾಸದ ಖಾಲಿ ಜಾಗ ತುಂಬುವಾಗ ದಾಖಲೆಯನ್ನು ಹಿಡಿಯುವುದು, ಕಲ್ಪನೆಯನ್ನು ಹಿಡಿಯುವುದು ಎಂಬ ಎರಡು ದಾರಿಗಳು ಪ್ರಾಚೀನ ರೋಮಿನ ಹಿನ್ನೆಲೆಯ ಪತ್ತೇದಾರಿ ಕಾದಂಬರಿಗಳಲ್ಲೂ ಇವೆ. ಸ್ಟೀವನ್ ಸೇಲರ್ 'ರೋಮನ್ ಬ್ಲಡ್' (1991) ಕಟ್ಟಿದ್ದು ಸಿಸೆರೊ ವಾದಿಸಿದ ನಿಜವಾದ ಕೊಲೆ ಮೊಕದ್ದಮೆಯ ಮೇಲೆ. ಲಿಂಡ್ಸೆ ಡೇವಿಸ್ ಫಾಲ್ಕೊ ಎಂಬ ಪತ್ತೇದಾರನನ್ನು ಕಲ್ಪಿಸಿಕೊಂಡರು.

ಕನ್ನಡದಲ್ಲಿ ಪತ್ತೇದಾರಿ ಧಾಟಿಯನ್ನು ಇತಿಹಾಸಕ್ಕೆ ಗಟ್ಟಿಯಾಗಿ ಬೆಸೆದವರು ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ, ಮುಸುಕಿನ ಜೋಳದ ತೆನೆಯಂಥ ವಸ್ತು ಅವರ 'ಕನಕ ಮುಸುಕು' ಕಾದಂಬರಿಗೆ ಎಳೆ. ಶೋಧ ನಡೆಸುವವರು ಇಂದಿನವರು, ಗುಟ್ಟು ಅಂದಿನದು. ಕಥೆಯ ಜೊತೆಗೇ ಆಧಾರಗಳನ್ನೂ ಕೊಡುವುದು ಅವರ ಪದ್ಧತಿ. ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂಬುದನ್ನು ಓದುಗರೇ ಪರೀಕ್ಷಿಸಿ ನೋಡಬಹುದು.