ಮೊಣಕಾಲಿಗೂ ಒಂದು ಲಕ್ಷ್ಮಣರೇಖೆ

ಗುಂಡೇಟು ತಿಂದ ಖಳ ಮೆಟ್ಟಿಲುಗಳ ಮೇಲಿಂದ ಉರುಳುತ್ತಾನೆ. ಒಂದೊಂದು ಮೆಟ್ಟಿಲಿಗೂ ಅವನ ಕೈಕಾಲು ಒಂದೊಂದು ಬಗೆಯಾಗಿ ಮಡಚಿಕೊಳ್ಳುತ್ತವೆ. ಇದನ್ನು ಯಾವ ಕಲಾವಿದನೂ ಮೊದಲೇ ಚಿತ್ರಿಸಿಟ್ಟಿಲ್ಲ. ಭೌತಶಾಸ್ತ್ರದ ನಿಯಮ ಹಿಡಿದು ಕಂಪ್ಯೂಟರೇ ಆ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. 'ರ‍್ಯಾಗ್‌ಡಾಲ್' ಎಂಬ ಈ ತಂತ್ರದಿಂದ ಹೆಸರಾದ ಮೊದಮೊದಲ ಆಟಗಳಲ್ಲಿ ಡೆನ್ಮಾರ್ಕ್‌ನ 'ಹಿಟ್‌ಮ್ಯಾನ್: ಕೋಡ್‌ನೇಮ್ 47' ಒಂದು. ಅದು ಬಂದದ್ದು 2000ದಲ್ಲಿ.

ಆದರೆ ಗೊಂಬೆ ಮನುಷ್ಯನಂತೆ ಕಾಣಬೇಕಾದರೆ ಅದರ ಕೀಲುಗಳಿಗೆ ಮಿತಿ ಬೇಕು. ಮೊಣಕಾಲು ಬಾಗಿಲಿನಂತೆ ಒಂದೇ ಕಡೆಗೆ ಮಡಚಬೇಕು. ಭುಜ ಎಲ್ಲ ದಿಕ್ಕಿಗೂ ಹೊರಳಬಹುದು, ಆದರೆ ಒಂದು ಶಂಕುವಿನ ಒಳಗೆ ಮಾತ್ರ. ಮಿತಿ ತಪ್ಪಿತೋ, ಕಾಲು ಹಿಂದುಮುಂದಾಗಿ ಆಟಗಾರ ಬೆಚ್ಚುವ ಬದಲು ನಗುತ್ತಾನೆ!

ಈ ಕೋನಗಳ ಮೇಲೆ ಹಿಡಿತ ಯಾರಿಗೆ? 2004ರ 'ಹಾಫ್-ಲೈಫ್ 2'ರಲ್ಲಿ ಗೊಂಬೆಯ ಮಾದರಿ ಸಿದ್ಧಪಡಿಸುವಾಗಲೇ ಅವನ್ನು ಕಡತದಲ್ಲಿ ಬರೆದಿಡಬೇಕು. 'ರೋಬ್ಲಾಕ್ಸ್' ಹಾಗಲ್ಲ, ಆಟ ನಡೆದಿರುವಾಗಲೇ ಸ್ಕ್ರಿಪ್ಟ್ ಮೂಲಕ ಕೀಲಿನ ಮಿತಿ ಬದಲಿಸಲು ಬಿಡುತ್ತದೆ. ಒಂದು ಸಾಲು ಬರೆದರೆ ಸಾಕು, ಪೆಟ್ಟಾದ ಭುಜ 60 ಡಿಗ್ರಿಯಿಂದ 15ಕ್ಕೆ ಬಿಗಿಯುತ್ತದೆ. ಮದ್ದು ಸಿಕ್ಕೊಡನೆ ಮತ್ತೆ ಸಡಿಲವಾಗುತ್ತದೆ. ಗಾಯ, ದಣಿವು, ಮುಪ್ಪು ಎಲ್ಲವೂ ಹೀಗೆ ಆಟದ ಭಾಗವಾಗಬಲ್ಲವು.

ಎಚ್ಚರವೂ ಬೇಕು. ಎತ್ತಿದ ತೋಳು ಹೊಸ ಮಿತಿಯ ಆಚೆಗಿರುವಾಗಲೇ ಅಂಕಿ ಬದಲಿಸಿದರೆ, ಅದನ್ನು ಒಮ್ಮೆಗೇ ಒಳಕ್ಕೆಳೆಯುವ ಭರದಲ್ಲಿ ಇಡೀ ಮೈ ನಡುಗಬಹುದು, ಚೆಂಡಿನಂತೆ ಚಿಮ್ಮಲೂಬಹುದು. ಕೋನವನ್ನು ಹಂತಹಂತವಾಗಿ ಕಿರಿದುಗೊಳಿಸುವುದೇ ಜಾಣತನ. ಬಿದ್ದ ಗೊಂಬೆಯನ್ನು ಕಂಡು 'ಅಯ್ಯೋ' ಎನ್ನಬೇಕೋ 'ಅಯ್ಯೋ ಇದೇನಿದು' ಎನ್ನಬೇಕೋ ಎಂಬುದನ್ನು ನಿರ್ಧರಿಸುವುದು ಇಂಥ ಪುಟ್ಟ ಅಂಕಿಗಳೇ.