ಕೂಂಬಿಂಗ್ ನಿಂತ ಮೇಲಿನ ಮಲೆನಾಡು

ಕೆರೆಕಟ್ಟೆಯಲ್ಲಿ ಬಸ್ಸಿಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ಶೃಂಗೇರಿಯಿಂದ ಕಾರ್ಕಳಕ್ಕೆ ಇಳಿಯುವ ಈ ಘಟ್ಟದ ದಾರಿಯಲ್ಲಿ ಹತ್ತಿಪ್ಪತ್ತು ವರ್ಷ ನಕ್ಸಲ್ ನಿಗ್ರಹ ಪಡೆಯದ್ದೇ ಕಾವಲು, ಕಾಡು ಜಾಲಾಡುವ ಕೂಂಬಿಂಗ್. ಯಾರ ಮನೆಗೆ, ಏನು ಕೆಲಸ, ವಾಪಸ್ ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕಿತ್ತು.

ಹಾಗೆಂದು ಇಲ್ಲಿ ಸೈನ್ಯದ ಆಡಳಿತ ಎಂದೂ ಇರಲಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ಒಂದೇ ವಿಧಾನಸಭಾ ಕ್ಷೇತ್ರದಲ್ಲಿವೆ. ಚುನಾವಣೆ ಒಮ್ಮೆಯೂ ತಪ್ಪಲಿಲ್ಲ. ಆದರೆ ಕಾಡಂಚಿನ ಒಂಟಿಮನೆಯವರಿಗೆ ಸರ್ಕಾರದ ಮುಖ ಕಂಡದ್ದು ಬಂದೂಕಿನ ಹಿಂದೆ. ರಾತ್ರಿ ಬಂದವರು ಅನ್ನ ಕೇಳುತ್ತಿದ್ದರು. ಬೆಳಿಗ್ಗೆ ಬಂದವರು ಅನ್ನ ಯಾಕೆ ಹಾಕಿದಿರಿ ಎಂದು ಕೇಳುತ್ತಿದ್ದರು. ಎರಡೂ ಕಡೆಯ ಬಂದೂಕಿನ ನಡುವೆ ಬಾಳಿದವರ ಪಾಡನ್ನು ಯಾವ ಹೆಸರಿನಿಂದ ಕರೆಯಬೇಕೋ ತಿಳಿಯುವುದಿಲ್ಲ.

ಕೆರೆಕಟ್ಟೆಯಿಂದ ನೆಮ್ಮಾರಿನ ಕಡೆಗೆ ಇಳಿಯುವಾಗ ಎರಡೂ ಬದಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಘೋಷಣೆ ಆದದ್ದು 1987ರಲ್ಲಿ, ಅಂತಿಮ ಅಧಿಸೂಚನೆ ಬಂದದ್ದು 2001ರಲ್ಲಿ. ಸುಮಾರು 600 ಚದರ ಕಿಲೋಮೀಟರಿನ ಆ ಗೆರೆಯೊಳಗೆ ಗೌಡಲು, ಮಲೆಕುಡಿಯರ ಮನೆಗಳಿದ್ದವು, ಅಡಿಕೆಯ ತುಂಡು ತೋಟಗಳಿದ್ದವು, ಜೇನು, ಸೀಗೆ, ರಾಮಪತ್ರೆ ಆಯ್ದು ಬದುಕುವ ಜನರಿದ್ದರು. ಅವರಿಗೆ ಒಕ್ಕಲೆಬ್ಬಿಸುವ ಭಯ ಹುಟ್ಟಿದ ಕಾಲದಲ್ಲೇ ಅದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ತೆಗೆಯುವ ಗಣಿ 2005ರ ಕೊನೆಯವರೆಗೂ ನಡೆಯಿತು. ಗಣಿಯ ಭಾರ ಹೊತ್ತ ಕಾಡಿಗೆ ಮಲೆಕುಡಿಯರ ಗುಡಿಸಲು ಭಾರವಾಯಿತೆಂದರೆ ಯಾರು ನಂಬುತ್ತಾರೆ? ನಕ್ಸಲರಿಗೆ ಇಲ್ಲಿ ನೆಲೆ ಕೊಟ್ಟದ್ದು ಈ ಅನ್ಯಾಯವೇ.

2003ರ ನವೆಂಬರ್ 17ರಂದು ಘಟ್ಟದ ಕೆಳಗಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಸತ್ತರು. ಪತ್ರಕರ್ತೆ ಗೌರಿ ಲಂಕೇಶ್ ಮುಂತಾದವರು ನಕ್ಸಲರೊಂದಿಗೆ ಮಾತುಕತೆಗೆ ದಾರಿ ಹುಡುಕುತ್ತಿದ್ದಾಗಲೇ, 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಹತರಾದರು. ವಾರ ಕಳೆಯುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದರು. ಮಾತಿನ ಬಾಗಿಲು ಮುಚ್ಚಿತು. ಪೊಲೀಸ್ ಮಾಹಿತಿದಾರರೆಂಬ ಅನುಮಾನಕ್ಕೆ ಊರವರೂ ಬಲಿಯಾದರು. ಆ ಕೊಲೆಗಳನ್ನು ಯಾವ ಸಿದ್ಧಾಂತವೂ ತೊಳೆಯಲಾರದು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ. 1791ರಲ್ಲಿ ಮರಾಠರ ದಂಡು ಇಲ್ಲಿನ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನ್ ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಪುನಃಪ್ರತಿಷ್ಠೆಗೆ ನೆರವು ಕಳಿಸಿದ. ದಂಡು ಬಂದು ಹೋದ ಮೇಲೆ ಮೊದಲು ಬೇಕಾದದ್ದು ಮಾತು, ಅದರ ಬೆನ್ನಿಗೇ ನೆರವು ಎಂಬುದು ಈ ಊರಿಗೆ ಹೊಸ ವಿಷಯವಲ್ಲ.

ಜಯಪುರದ ಮೇಲೆ ಕೊಪ್ಪದ ಕಡೆ ಬಂದೆ. ಮುಚ್ಚಿದ್ದ ಮಾತಿನ ಬಾಗಿಲು ಮೊದಲು ಸ್ವಲ್ಪ ತೆರೆದದ್ದು 2014ರ ಡಿಸೆಂಬರಿನಲ್ಲಿ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಗೌರಿ ಲಂಕೇಶ್ ಅವರ ಪ್ರಯತ್ನದಿಂದ ನಕ್ಸಲ್ ನಾಯಕರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ಆಮೇಲೆ ಹತ್ತು ವರ್ಷ ಕಾಯಬೇಕಾಯಿತು. 2024ರ ನವೆಂಬರ್ 18ರಂದು ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದ ಮೇಲೆ ಶಾಂತಿಗಾಗಿ ನಾಗರಿಕ ವೇದಿಕೆಯವರ ಮಾತುಕತೆ ಫಲಿಸಿ, 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಫೆಬ್ರವರಿ ಮೊದಲ ವಾರದೊಳಗೆ ಉಳಿದಿಬ್ಬರೂ ಬಂದರು. ಸಾಕೇತ್ ಸತ್ತು ಅಷ್ಟರಲ್ಲಿ ಇಪ್ಪತ್ತು ವರ್ಷ ತುಂಬಿತ್ತು. ಮಾತಿನಿಂದ ಆಗುವ ಕೆಲಸಕ್ಕೆ ಇಷ್ಟು ಹೆಣ ಬೀಳಬೇಕಿರಲಿಲ್ಲ.

ಬಾಳೆಹೊನ್ನೂರು ದಾಟಿ ನರಸಿಂಹರಾಜಪುರಕ್ಕೆ ಬರುವಾಗ ಭದ್ರೆಯ ಹಿನ್ನೀರು ಕಾಣುತ್ತದೆ. ಅಣೆಕಟ್ಟೆಗಾಗಿ ಮುಳುಗಿದ ನೆಲ ಅದು. ಇಲ್ಲಿ ನಕ್ಸಲ್ ಸುದ್ದಿ ಕಡಿಮೆ, ಕಷ್ಟ ಮಾತ್ರ ಅದೇ. ಹಳದಿ ಎಲೆ ರೋಗ ಹಿಡಿದ ತೋಟಗಳಲ್ಲಿ ಅಡಿಕೆ ಮರಗಳ ತಲೆ ಸಣ್ಣಗಾಗಿ ನಿಂತಿವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿಕೊಂಡಿದೆ. ಜಗುಲಿಯ ಮೇಲೆ ಕೂತ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಹರವಿದರು. ಬಗರ್ ಹುಕುಂ ಸಾಗುವಳಿ ಸಕ್ರಮಕ್ಕೆ ಹಾಕಿದ ಫಾರಂ 50, ಫಾರಂ 53, ಫಾರಂ 57, ಒಂದರ ಮೇಲೊಂದು. ಅಪ್ಪ ಹಾಕಿದ ಅರ್ಜಿ, ತಾವು ಹಾಕಿದ್ದು, ಈಗ ಮಗ ಹಾಕಿದ್ದು. ‘ಉತ್ತರ ಬರ್ಲೇ ಇಲ್ಲ ಮಾರಾಯ್ರೆ’ ಎಂದರು. ಕೋಪವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಲಕಿತು. 2006ರ ಅರಣ್ಯ ಹಕ್ಕು ಕಾಯ್ದೆಯೋ, ಆದಿವಾಸಿಗಳಲ್ಲದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ದಾಖಲೆ ಕೇಳುತ್ತದೆ. ಮಳೆಗೆ ಸೋರುವ ಮನೆಯಲ್ಲಿ ಅಷ್ಟು ಹಳೆಯ ಕಾಗದ ಎಲ್ಲಿ ಉಳಿದೀತು?

ಶರಣಾದವರಿಗೆ ಪರಿಹಾರ ಸಿಗುವುದು ಸರಿಯೇ. ಆದರೆ ಬಂದೂಕು ಹಿಡಿಯದೆ, ಅರ್ಜಿ ಹಿಡಿದು ಮೂರು ತಲೆಮಾರು ಕಾದವರೂ ಈ ಮಾತುಕತೆಯ ಪಾಲುದಾರರೇ. ಕೂಂಬಿಂಗ್‌ಗೆ ಹೋಗುತ್ತಿದ್ದ ಜೀಪುಗಳಿಗೆ ಕೆರೆಕಟ್ಟೆ, ಕಿಗ್ಗ, ಮೆಣಸಿನಹಾಡ್ಯದ ಮನೆಮನೆಯ ದಾರಿಯೂ ಗೊತ್ತಿತ್ತು. ಈಗ ಅದೇ ದಾರಿಯಲ್ಲಿ ಸರ್ವೆಯವರನ್ನೂ ತಹಶೀಲ್ದಾರರನ್ನೂ ಕಳಿಸಿ, ಈ ಮಳೆಗಾಲಕ್ಕೆ ಮೊದಲೇ ಕಳಿಸಿ.