ಕುದುರೆಗೆ ಜಂತುನಾಶಕ: ಅರ್ಧ ಡೋಸ್ ಏಕೆ ಅಪಾಯ?

ಪುಟ್ಟ ಮಗುವಿಗೆ ಕಹಿ ಔಷಧಿ ಕುಡಿಸುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ಮಗು ಬಾಯಿ ಬಿಗಿಹಿಡಿಯುತ್ತದೆ, ಮುಖ ತಿರುಗಿಸುತ್ತದೆ, ಬಾಯೊಳಗೆ ಹೋದದ್ದನ್ನೂ ಉಗುಳುತ್ತದೆ. ಇದನ್ನೆಲ್ಲ 400 ಕಿಲೋಗ್ರಾಂ ತೂಗುವ ಕುದುರೆ ಮಾಡಿದರೆ? ಟಾಂಗಾ ಎಳೆಯುವ ಕುದುರೆಯಿರಲಿ, ಪಂದ್ಯದ ಕುದುರೆಯಿರಲಿ, ಜಂತುಹುಳುವಿನ ಔಷಧಿ ಕೊಡುವಾಗ ಎದುರಾಗುವ ತೊಡಕು ಇದೇ. ಕುದುರೆ ಉಗುಳಿದ ಔಷಧಿ ಬರೀ ಹಣದ ನಷ್ಟವಲ್ಲ. ಅದು ಮುಂದೆ ಔಷಧಿಗೇ ಬಗ್ಗದ ಹುಳುಗಳನ್ನು ಬೆಳೆಸಬಲ್ಲದು. ಹೇಗೆಂದು ನೋಡೋಣ.

ಹುಲ್ಲಿನಿಂದ ಹೊಟ್ಟೆಗೆ

ಹುಲ್ಲು ಮೇಯುವ ಕುದುರೆಗಳ ಕರುಳಿನಲ್ಲಿ ಜಂತುಹುಳುಗಳಿರುವುದು ಸಾಮಾನ್ಯ. ಸ್ಟ್ರಾಂಗೈಲ್ ಗುಂಪಿನ ಹುಳುಗಳ ಮೊಟ್ಟೆಗಳು ಲದ್ದಿಯೊಡನೆ ಹೊರಬೀಳುತ್ತವೆ. ಮೊಟ್ಟೆಯೊಡೆದು ಬಂದ ಲಾರ್ವಗಳು ಬೆಳೆದು ಹುಲ್ಲಿನ ಎಸಳನ್ನೇರುತ್ತವೆ. ಹುಲ್ಲಿನೊಡನೆ ಮತ್ತೆ ಕುದುರೆಯ ಹೊಟ್ಟೆ ಸೇರುತ್ತವೆ. ಇವುಗಳಲ್ಲಿ ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಬಹಳ ಅಪಾಯಕಾರಿ. ಅದರ ಲಾರ್ವಗಳು ಕರುಳಿಗೆ ರಕ್ತ ಒಯ್ಯುವ ಅಪಧಮನಿಯನ್ನು ಹೊಕ್ಕು ಅಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತವೆ. ರಕ್ತ ಸಿಗದ ಕರುಳಿನ ಭಾಗ ಸತ್ತು, ತೀವ್ರ ಹೊಟ್ಟೆನೋವಿನಿಂದ ಕುದುರೆ ಪ್ರಾಣ ಕಳೆದುಕೊಳ್ಳಬಹುದು. ಮರಿಗಳಲ್ಲಿ ಪ್ಯಾರಾಸ್ಕಾರಿಸ್ ಎಂಬ ದುಂಡುಹುಳು ಗಂಟುಗಟ್ಟಿ ಸಣ್ಣಕರುಳನ್ನೇ ಮುಚ್ಚಿಬಿಡುವುದುಂಟು.

ಹಿಂದೆ ಜಂತಿನ ಔಷಧಿಯನ್ನು ಪಶುವೈದ್ಯರು ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ ಕೊಡುತ್ತಿದ್ದರು. ಪೇಸ್ಟ್ ತುಂಬಿದ ಸಿರಿಂಜ್ ಬಂದ ಮೇಲೆ ಆ ಕೆಲಸ ಕುದುರೆ ಸಾಕುವವರ ಕೈಗೆ ಬಂತು. ಇಂತಹ ಪೇಸ್ಟ್‌ಗಳಲ್ಲಿ ಪ್ರಸಿದ್ಧವಾದುದು ಐವರ್‌ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಬ್ಯಾಕ್ಟೀರಿಯದಿಂದ ಇದು ಹುಟ್ಟಿತು. 1981ರಲ್ಲಿ ಪಶುಗಳ ಔಷಧಿಯಾಗಿ ಮಾರುಕಟ್ಟೆಗೆ ಬಂತು. ಇದರ ಶೋಧಕ್ಕಾಗಿ ಸತೋಶಿ ಓಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅರ್ಧ ಡೋಸ್ ಮಾಡುವ ಕೆಡಕು

ಕುದುರೆಗೆ ಐವರ್‌ಮೆಕ್ಟಿನ್ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.2 ಮಿಲಿಗ್ರಾಂ. ಅಂದರೆ 450 ಕಿಲೋಗ್ರಾಂ ಕುದುರೆಗೆ 90 ಮಿಲಿಗ್ರಾಂ. ಅರ್ಧ ಉಗುಳಿದರೆ ಒಳಹೋದದ್ದು 45 ಮಿಲಿಗ್ರಾಂ ಮಾತ್ರ.

ಕರುಳಿನಲ್ಲಿರುವ ಸಾವಿರಾರು ಹುಳುಗಳು ಒಂದೇ ತೆರನಾಗಿರುವುದಿಲ್ಲ. ಕೆಲವು ಔಷಧಿಯನ್ನು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತವೆ. ಪೂರ್ಣ ಡೋಸ್ ಇವುಗಳಲ್ಲೂ ಹಲವನ್ನು ಕೊಲ್ಲುತ್ತದೆ. ಅರ್ಧ ಡೋಸ್ ದುರ್ಬಲ ಹುಳುಗಳನ್ನಷ್ಟೇ ಕೊಂದು ಗಟ್ಟಿ ಹುಳುಗಳನ್ನು ಉಳಿಸುತ್ತದೆ. ಆಮೇಲೆ ಹುಲ್ಲುಗಾವಲಿಗೆ ಬೀಳುವ ಮೊಟ್ಟೆಗಳೆಲ್ಲ ಇವುಗಳದ್ದೇ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಇಲ್ಲಿ ಲಾಯದಲ್ಲೇ ನಡೆಯುತ್ತದೆ! ಪ್ಯಾರಾಸ್ಕಾರಿಸ್ ಹುಳು ಐವರ್‌ಮೆಕ್ಟಿನ್‌ಗೆ ಬಗ್ಗದಿರುವುದು 2002ರಲ್ಲಿ ನೆದರ್‌ಲೆಂಡ್ಸ್‌ನಿಂದ ವರದಿಯಾಯಿತು.

ನೆಲಕ್ಕೆ ಬಿದ್ದ ಪೇಸ್ಟ್‌ನಿಂದ ಇನ್ನೊಂದು ಅಪಾಯವೂ ಇದೆ. ಅದನ್ನು ನೆಕ್ಕಿದ ನಾಯಿಗೆ ವಿಷವೇರಬಹುದು. ಕಾಲಿ ಮುಂತಾದ ಕೆಲವು ತಳಿಗಳ ಎಷ್ಟೋ ನಾಯಿಗಳಲ್ಲಿ ಈ ಔಷಧಿಯನ್ನು ಮಿದುಳಿನಿಂದ ಹೊರಗಿಡುವ ಪ್ರೋಟೀನು ಕೆಲಸ ಮಾಡುವುದಿಲ್ಲ.

ಮೊದಲು ತೂಕ

ಕಣ್ಣಂದಾಜಿನಲ್ಲಿ ತೂಕ ಹೇಳಿದರೆ ತಪ್ಪುವುದೇ ಹೆಚ್ಚು. ದೊಡ್ಡ ತಕ್ಕಡಿ ಇಲ್ಲದಿದ್ದರೆ ಅಳತೆ ಪಟ್ಟಿ ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ ವಯಸ್ಕ ಕುದುರೆಯ ತೂಕ ಸುಮಾರಾಗಿ ಕಿಲೋಗ್ರಾಮಿನಲ್ಲಿ ಸಿಗುತ್ತದೆ. ಸುತ್ತಳತೆ 180, ಉದ್ದ 160 ಇದ್ದರೆ ತೂಕ ಸುಮಾರು 436 ಕಿಲೋಗ್ರಾಂ. ಔಷಧಿ ಎಷ್ಟು ಬೇಕು? ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

ಬಾಯಿಯ ರಚನೆ ತಿಳಿದರೆ ಕೆಲಸ ಸುಲಭ

ಔಷಧಿಯನ್ನು ಹುರುಳಿಯಲ್ಲೋ ಬೂಸಾದಲ್ಲೋ ಬೆರೆಸಿಟ್ಟರಾಗದೆ? ಕುದುರೆಯ ಮೇಲ್ತುಟಿ ಬೆರಳಿನಷ್ಟೇ ಚುರುಕು. ಬೇಡವಾದದ್ದನ್ನು ಆರಿಸಿ ಬದಿಗೆ ತಳ್ಳುತ್ತದೆ. ಎಷ್ಟು ತಿಂದಿತೆಂದು ತಿಳಿಯುವುದೇ ಇಲ್ಲ. ಆದ್ದರಿಂದ ನೇರವಾಗಿ ಬಾಯಿಗೆ ಕೊಡುವುದೇ ಮೇಲು.

ಕುದುರೆಯ ಬಾಚಿಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಅಗಲವಾದ ಖಾಲಿ ಜಾಗವಿದೆ. ಕಡಿವಾಣ ಕೂರುವುದೂ ಇಲ್ಲೇ. ಸಿರಿಂಜಿನ ತುದಿಯನ್ನು ತುಟಿಯ ಮೂಲೆಯಿಂದ ಈ ಜಾಗದೊಳಗೆ ತೂರಿಸಿ, ನಾಲಿಗೆಯ ಹಿಂಭಾಗದ ಮೇಲೆ ಪೇಸ್ಟ್ ಬೀಳುವಂತೆ ಒತ್ತಬೇಕು. ನಾಲಿಗೆಯ ತುದಿಗೆ ಬಿದ್ದರೆ ಉಗುಳುವುದು ಖಚಿತ. ಆಮೇಲೆ ಕುದುರೆ ನುಂಗುವವರೆಗೆ ಗಲ್ಲವನ್ನು ತುಸು ಮೇಲೆತ್ತಿ ಹಿಡಿಯಿರಿ. ಬಾಯಲ್ಲಿ ಹುಲ್ಲಿನ ಉಂಡೆಯಿದ್ದರೆ ಪೇಸ್ಟ್ ಅದಕ್ಕೇ ಅಂಟಿ ಹೊರಬೀಳುತ್ತದೆ. ಮೊದಲೇ ನೀರಿನಿಂದ ಬಾಯಿ ತೊಳೆಯಿರಿ.

ನಿಲ್ಲುವ ಜಾಗವೂ ಮುಖ್ಯ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಮೂಗಿನ ಮುಂದಿನ, ಕೆಳಗಿನ ಭಾಗ ಅದಕ್ಕೆ ಕಾಣದು. ಅಲ್ಲಿಂದ ಸಿರಿಂಜ್ ಬಂದರೆ ಬೆದರುತ್ತದೆ. ಭುಜದ ಪಕ್ಕ ನಿಂತು ಕೈ ಚಾಚುವುದು ಕುದುರೆಗೂ ನಿಮಗೂ ಕ್ಷೇಮ.

ಕಲಿಸಿದರೆ ಕಲಿಯುತ್ತದೆ

ಕುದುರೆ ತಲೆ ಕೊಡವಿದೊಡನೆ ನೀವು ಸಿರಿಂಜ್ ಹಿಂದೆಗೆದರೆ ಅದು ಕಲಿಯುವ ಪಾಠವೇನು? ‘ತಲೆ ಕೊಡವಿದರೆ ತೊಂದರೆ ತಪ್ಪುತ್ತದೆ’ ಎಂದು! ಇದನ್ನು ತಿರುವುಮುರುವು ಮಾಡಿ. ಔಷಧಿ ಕೊಡುವ ದಿನಕ್ಕೆ ಒಂದೆರಡು ವಾರ ಮೊದಲೇ ಶುಚಿಯಾದ ಖಾಲಿ ಸಿರಿಂಜನ್ನು ಕೆನ್ನೆಗೆ ತಾಗಿಸಿ. ಕುದುರೆ ಸುಮ್ಮನೆ ನಿಂತ ಕ್ಷಣ ಮಾತ್ರ ಹಿಂದೆಗೆಯಿರಿ. ನಂತರ ತುಟಿಯ ಮೂಲೆಗೆ, ಆಮೇಲೆ ಬಾಯೊಳಗೆ. ಕೊನೆಗೆ ಸಿರಿಂಜಿನಲ್ಲಿ ಸ್ವಲ್ಪ ಬೆಲ್ಲದ ಪಾಕ ಕೊಡಿ. ಹತ್ತು ಸಲ ಸಿಹಿ ಬಂದ ಸಿರಿಂಜಿನಿಂದ ಒಮ್ಮೆ ಕಹಿ ಬಂದರೂ ಕುದುರೆ ಅಷ್ಟಾಗಿ ಮುನಿಯದು.

ಔಷಧಿ ಫಲಿಸಿತೆ?

ಇದನ್ನು ಲದ್ದಿಯೇ ಹೇಳುತ್ತದೆ. ಔಷಧಿ ಕೊಡುವ ಮೊದಲು ಮತ್ತು 14 ದಿನಗಳ ನಂತರ ಒಂದು ಗ್ರಾಂ ಲದ್ದಿಯಲ್ಲಿರುವ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಸಂಖ್ಯೆ ತೀರಾ ಇಳಿಯದಿದ್ದರೆ ಎರಡು ಸಾಧ್ಯತೆಗಳು: ಔಷಧಿ ಪೂರ್ತಿ ಒಳಹೋಗಿಲ್ಲ, ಇಲ್ಲವೆ ಹುಳುಗಳು ಪ್ರತಿರೋಧ ಗಳಿಸಿವೆ. ಪೂರ್ತಿ ನುಂಗಿಸಿದ್ದು ಖಾತ್ರಿಯಿದ್ದರೆ ಮಾತ್ರ ಎರಡನೆಯದನ್ನು ಶಂಕಿಸಬಹುದು. ಈ ಎಣಿಕೆಯಿಂದ ಯಾವ ಕುದುರೆಗೆ ಔಷಧಿ ಅಗತ್ಯವೆಂಬುದೂ ತಿಳಿಯುತ್ತದೆ. ಒಂದು ಹಿಂಡಿನ ಸುಮಾರು 20 ಶೇಕಡ ಕುದುರೆಗಳೇ ಸುಮಾರು 80 ಶೇಕಡ ಮೊಟ್ಟೆಗಳನ್ನು ಹೊರಹಾಕುತ್ತವೆ. ಎಲ್ಲಕ್ಕೂ ಪದೇ ಪದೇ ಕೊಟ್ಟರೂ ಪ್ರತಿರೋಧ ಬೆಳೆಯುತ್ತದೆ. ಆದ್ದರಿಂದ ಯಾವುದಕ್ಕೆ, ಯಾವಾಗ ಎಂಬುದನ್ನು ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು. ಕೊಡಬೇಕೆಂದಾದಾಗ ಮಾತ್ರ ಒಂದು ಹನಿಯೂ ನೆಲಕ್ಕೆ ಬೀಳದಂತೆ ಪೂರ್ತಿ ಕೊಡಬೇಕು.